ಹರಕೆಯಿಲ್ಲದ ಮುಡಿ

"ತಲೆ ಮೇಲಿನ ಟವೆಲ್ ಸ್ವಲ್ಪ ತೆಗೀರಿ ಅಮ್ಮಾ."

ಭದ್ರಮ್ಮ ತೆಗೆಯಲಿಲ್ಲ. ಟವೆಲ್ಲಿನ ಎರಡೂ ತುದಿಗಳನ್ನು ಗದ್ದದ ಕೆಳಗೆ ಬಿಗಿಯಾಗಿ ಹಿಡಿದು ಸೋಫಾದ ಮೂಲೆಯಲ್ಲಿ ಮುದುಡಿಕೊಂಡರು. ಸಬ್ ಇನ್ಸ್‌ಪೆಕ್ಟರ್ ಶಿವಗಂಗಾ ಪಕ್ಕದಲ್ಲಿ ಕೂತು, ಮೆಲ್ಲಗೆ ತಾನೇ ಅದನ್ನು ಸರಿಸಿದಳು. ಸರಿಸಿದ ಕೈ ಅಲ್ಲೇ ನಿಂತಿತು.

ನುಣ್ಣನೆ ಬೋಳು. ಕಿವಿಯ ಹಿಂದೆ ಬ್ಲೇಡು ತಾಗಿದ ಗೆರೆ. ನೆತ್ತಿಯ ಮೇಲೆ ಇನ್ನೊಂದು, ಅದರ ರಕ್ತ ಇನ್ನೂ ಪೂರ್ತಿ ಒಣಗಿರಲಿಲ್ಲ.

ಕಳೆದ ತಿಂಗಳು ಇದೇ ಹಾಲಿನಲ್ಲಿ ಇದೇ ತಲೆಯನ್ನು ಅವಳು ನೋಡಿದ್ದಳು. ಆಗಲೂ ಬೋಳೇ. ಇಷ್ಟು ಹೊತ್ತಿಗೆ ಬೆರಳಿಗೆ ಸಿಗುವಷ್ಟು ಕೂದಲು ಬಂದಿರಬೇಕಿತ್ತು. ತಿಂಗಳಿಗೊಂದು ಸಲ ಮುಡಿ ಕೇಳುವ ದೇವರು ಯಾವುದಪ್ಪಾ?

"ಅಯ್ಯೋ, ನಮ್ಮಮ್ಮ!" ಎಂದು ಬಿಂದುಶ್ರೀ ಬಾಯಿಗೆ ಕೈ ಒತ್ತಿಕೊಂಡಳು. ಭದ್ರಮ್ಮನ ಒಬ್ಬಳೇ ಮಗಳು, ನಾಗಸಂದ್ರಕ್ಕೆ ಕೊಟ್ಟವಳು. ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತಿದ್ದವಳ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು.

ಅಡುಗೆಮನೆಯ ಬಾಗಿಲಲ್ಲಿ ಸೊಸೆ ಶೋಭಾರಾಣಿ ನಿಂತಿದ್ದಳು. ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ. ಕೈಯಲ್ಲಿ ಮುದ್ದೆ ತಿರುವುವ ಹಿಟ್ಟಿನ ಕೋಲು ಹಿಡಿದು, ಪೊಲೀಸಿನವಳ ಮುಖವನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದಳು.

ಶಿವಗಂಗಾ ಆ ಒಣ ಕಣ್ಣುಗಳನ್ನೇ ದುರುಗುಟ್ಟಿ ನೋಡಿದಳು. ತನ್ನೊಳಗೆ ಏಳುತ್ತಿರುವುದು ಸಿಟ್ಟು ಎಂದುಕೊಂಡಳು. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು.

ಕಳೆದ ತಿಂಗಳು ಹಿರಿಯರ ಸಹಾಯವಾಣಿಗೆ ಯಾರೋ ಹೆಂಗಸು ಫೋನ್ ಮಾಡಿ, ಕಾಡುಗೋಡಿಯ ದೇವರಾಜ್ ಅವರ ಮನೆಯಲ್ಲಿ ಅಜ್ಜಿಗೆ ಹಿಂಸೆಯಾಗುತ್ತಿದೆ ಎಂದಷ್ಟೇ ಹೇಳಿ ಇಟ್ಟಿದ್ದಳು. ವಿಚಾರಣೆಗೆ ಬಂದವಳು ಶಿವಗಂಗಾ. ಬಾಡಿಗೆ ಕೋಣೆಗಳ ಮೂರಂತಸ್ತಿನ ಕಟ್ಟಡ, ಮೇಲಿನ ಅಂತಸ್ತಿನಲ್ಲಿ ಮಾಲೀಕರ ಮನೆ. ಬಾಗಿಲು ತೆರೆದ ದೇವರಾಜ್, "ಏನಿಲ್ಲ ಮೇಡಂ, ಅಮ್ಮ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದವ್ರೆ, ಅದಕ್ಕೇ ಸ್ವಲ್ಪ ಸುಸ್ತು" ಎಂದ.

ತಿರುಪತಿ ಎಂದ ಕೂಡಲೇ ಪೊಲೀಸ್ ಸೊಂಟ ಬಗ್ಗಿತು! ಬೆಟ್ಟ ಹತ್ತಿ ಬಂದವರ ಕಾಲಿಗೆ ಬಿದ್ದರೆ ಅರ್ಧ ಪುಣ್ಯ ನಮಗೂ ಬರುತ್ತದೆ ಎಂದು ಅವಳ ಅಜ್ಜಿ ಹೇಳಿಕೊಟ್ಟಿದ್ದಳು. ಶಿವಗಂಗಾ ಟೋಪಿ ತೆಗೆದು, ಭದ್ರಮ್ಮನ ಎರಡೂ ಪಾದ ಮುಟ್ಟಿ, "ಗೋವಿಂದಾ" ಎಂದು ಕಣ್ಣಿಗೆ ಒತ್ತಿಕೊಂಡಳು. ಮುದುಕಿಯ ತುಟಿ ಅಲುಗಿತು. ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಂಡು ಎದ್ದಳು.

ಪ್ರಸಾದ ಅಂತ ಲಾಡು ಕೊಟ್ಟರು. ತಿಂದಳು. ಹಿರಿಯರ ದೂರು ಬಂದರೆ ಅವರನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸಬೇಕು, ಮನೆಯವರ ಎದುರು ಕೇಳಿದ ಪ್ರಶ್ನೆಗೆ ಮನೆಯವರೇ ಉತ್ತರ ಬರೆದಿರುತ್ತಾರೆ. ಠಾಣೆಗೆ ಬಂದ ಹೊಸಬರಿಗೆಲ್ಲ ಇದನ್ನು ಹೇಳಿಕೊಡುವವಳು ಅವಳೇ. ಆ ದಿನ ಎಲ್ಲರ ಎದುರಿಗೇ, "ಚೆನ್ನಾಗಿದ್ದೀರಾ ಅಮ್ಮಾ?" ಎಂದು ಕೇಳಿದಳು. "ಚೆಂದಾಗಿವ್ನಿ ಕಣವ್ವ" ಎಂಬ ಉತ್ತರ ಬಂತು. ದೂರಿನಲ್ಲಿ ಹುರುಳಿಲ್ಲ ಎಂದು ವರದಿ ಕೊಟ್ಟು ಮುಗಿಸಿದಳು.

ಇವತ್ತು ಬೆಳಿಗ್ಗೆ ಕ್ವಾರ್ಟರ್ಸಿನ ಪಕ್ಕದ ಮನೆಯವರು ತಿರುಪತಿಯಿಂದ ಬಂದು ಚೂರು ಲಾಡು ಕೈಗಿಟ್ಟರು. ಬಾಯಿಗೆ ಹಾಕಿಕೊಂಡದ್ದೇ ತಡ, ಪಚ್ಚಕರ್ಪೂರದ ಘಮ ಮೂಗಿಗೆ ಏರಿತು. ಶಿವಗಂಗಾ ಅಗಿಯುವುದನ್ನು ನಿಲ್ಲಿಸಿದಳು. ಆ ಮನೆಯಲ್ಲಿ ತಿಂದ ಲಾಡಿಗೆ ಈ ವಾಸನೆ ಇರಲಿಲ್ಲ. ಅದು ಯಾವುದೋ ಸ್ವೀಟ್ ಅಂಗಡಿಯ ಬೂಂದಿ ಲಾಡು. ಅವತ್ತೇ ನಾಲಿಗೆಗೆ ಗೊತ್ತಾಗಿತ್ತು, ಅವಳೇ ನಾಲಿಗೆಯ ಮಾತನ್ನು ಕೇಳಲಿಲ್ಲ. ಜೀಪು ತೆಗೆಸಿಕೊಂಡು ನೇರ ಇಲ್ಲಿಗೆ ಬಂದಿದ್ದಳು.

"ಯಾರು ಮಾಡಿದ್ದು ಅಮ್ಮಾ ಇದು?"

ಭದ್ರಮ್ಮ ಉತ್ತರ ಹೇಳುವ ಮೊದಲು ಮಗಳ ಕಡೆ ನೋಡಿದರು.

ಪಾಪ, ಮಗಳ ಆಸರೆ ಹುಡುಕುತ್ತಿದ್ದಾರೆ ಎಂದುಕೊಂಡಳು ಶಿವಗಂಗಾ.

"ನಾನೇ ಯೋಳ್ದೆ ಬೋಳ್ಸು ಅಂತ. ತಲೆ ತುಂಬ ಹೇನು ಕಡೀತಿತ್ತು" ಎಂದರು ಭದ್ರಮ್ಮ, ನೆಲ ನೋಡುತ್ತಾ.

"ಸುಮ್ನಿರಮ್ಮ, ಇನ್ನೂ ಎಷ್ಟು ದಿನ ಮುಚ್ಚಿಡ್ತೀಯ?" ಬಿಂದುಶ್ರೀ ಎದ್ದು ನಿಂತಳು. "ಮೇಡಂ, ನಾನು ಹೇಳ್ತೀನಿ. ಇದೆಲ್ಲ ಅತ್ತಿಗೆ ಕೆಲಸ. ತಲೆಗೆ ಎಣ್ಣೆ ಹಚ್ಚಿ ಬಾಚೋಕೆ ಸೋಮಾರಿತನ. ಅವತ್ತು ನೀವು ಬಂದಾಗ ಅಣ್ಣನ ಮರ್ಯಾದೆ ಹೋಗುತ್ತಲ್ಲಾ ಅಂತ ನಾನೂ ತಿರುಪತಿ ಅಂತ ತಲೆ ಆಡಿಸ್ಬಿಟ್ಟೆ. ಪಾಪಿ ನಾನು. ಹೆತ್ತ ತಾಯಿಗಿಂತ ಮರ್ಯಾದೆ ಹೆಚ್ಚಾಯ್ತು ನಂಗೆ."

ಆ ಕೊನೆಯ ಮಾತು ಶಿವಗಂಗಾಳಿಗೆ ನೇರವಾಗಿ ತಾಗಿತು. ತನಗೂ ಅವತ್ತು ಬೇರೆ ಏನೋ ಹೆಚ್ಚಾಗಿತ್ತಲ್ಲ. ತನ್ನಂತೆಯೇ ತಪ್ಪಿಗೆ ಬೇಯುತ್ತಿರುವ ಇನ್ನೊಂದು ಜೀವ ಸಿಕ್ಕಿತು ಎಂದು ಅವಳ ಮನಸ್ಸು ಆ ಕಡೆಗೇ ವಾಲಿತು.

"ಏನಮ್ಮ ಶೋಭಾರಾಣಿ, ಏನಂತೀರ?"

ಶೋಭಾರಾಣಿ ಬಾಯಿ ತೆರೆದಳು, ಅತ್ತೆಯನ್ನು ನೋಡಿದಳು, ಮತ್ತೆ ಮುಚ್ಚಿದಳು. "ಅವರು ಬಂದ್ಮೇಲೆ ಮಾತಾಡ್ತೀನಿ" ಎಂದಳು. ಅವರು ಅಂದರೆ ಗಂಡ ದೇವರಾಜ್, ಮಾಲೂರಿಗೆ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದ.

ಸುಮ್ಮನಿರುವವಳೇ ಕಳ್ಳಿ ಎನ್ನುವುದು ನಮ್ಮ ಕಡೆಯ ಹಳೇ ನ್ಯಾಯ. ಅದರಲ್ಲೂ ಸೊಸೆ ಸುಮ್ಮನಿದ್ದರಂತೂ ಮುಗಿಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವ ಗಾದೆಯೇ ತೀರ್ಪು ಬರೆದಿಟ್ಟಿದೆ.

"ಮೇಡಂ, ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ" ಎಂದಳು ಬಿಂದುಶ್ರೀ. "ಇನ್ನೊಂದು ರಾತ್ರಿ ಈ ಮನೇಲಿ ಬಿಟ್ರೆ ನನ್ನ ಹೊಟ್ಟೆಗೆ ಅನ್ನ ಇಳಿಯಲ್ಲ. ನಮ್ಮನೇಲಿ ಇರ್ಲಿ. ನೀವು ಯಾವಾಗ ಬೇಕಾದ್ರೂ ಬಂದು ನೋಡಿ."

ಮೊದಲು ಆಸ್ಪತ್ರೆ, ಆಮೇಲೆ ಹೇಳಿಕೆ, ಆಮೇಲೆ ಎಲ್ಲಿ ಇರಿಸಬೇಕು ಎನ್ನುವ ನಿರ್ಧಾರ. ಕ್ರಮ ಇದು. ಶಿವಗಂಗಾಳಿಗೆ ಅದು ಗೊತ್ತಿಲ್ಲದ್ದಲ್ಲ. ಆದರೆ ಆ ನೆತ್ತಿಯ ಗಾಯ ಕಣ್ಣೆದುರಿಗಿತ್ತು. ಒಂದು ತಿಂಗಳು ಈ ಜೀವವನ್ನು ಇಲ್ಲಿ ಕೊಳೆಯಲು ಬಿಟ್ಟವಳು ತಾನೇ. ಇನ್ನೊಂದು ಗಳಿಗೆಯೂ ಬೇಡ ಎನ್ನಿಸಿತು.

"ದಾರೀಲೇ ಡಾಕ್ಟರಿಗೆ ತೋರಿಸಿ. ಸಂಜೆ ನಿಮ್ಮ ಮನೆಗೆ ಬಂದು ಹೇಳಿಕೆ ತಗೋತೀನಿ" ಎಂದಳು.

ಭದ್ರಮ್ಮನ ಬಟ್ಟೆ ಚೀಲ ಬಾಗಿಲ ಪಕ್ಕದಲ್ಲಿ ತಯಾರಾಗಿಯೇ ಇತ್ತು. ಒಳ್ಳೆಯದೇ ಆಯಿತು ಎಂದು ಶಿವಗಂಗಾ ಅದನ್ನು ತಾನೇ ಎತ್ತಿಕೊಂಡಳು.

ಭದ್ರಮ್ಮ ಏಳುವಾಗ ಜೋಲಿ ಹೊಡೆದರು. ಶೋಭಾರಾಣಿ ಓಡಿ ಬಂದು ಹಿಡಿದಳು. ಮುದುಕಿ ಸೊಸೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಬಿಡಲೇ ಇಲ್ಲ. ಬಾಗಿಲವರೆಗೂ ಅದೇ ಹಿಡಿತ. "ಬಿಡಿ ಅಮ್ಮಾ, ಇನ್ನು ಇವರ ಹೆದರಿಕೆ ಬೇಡ" ಎಂದು ಶಿವಗಂಗಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಕೆಳಗೆ ಬಿಂದುಶ್ರೀಯ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟನ್ನೂ ತಾನೇ ಹಾಕಿದಳು. ಭದ್ರಮ್ಮ ಅವಳ ಮುಖವನ್ನೇ ನೋಡಿದರು. ಕಾರು ಓಣಿಯ ತಿರುವಿನಲ್ಲಿ ಮರೆಯಾಯಿತು. ಒಂದು ತಿಂಗಳ ಭಾರ ಇಳಿಯಿತೆಂದು ಶಿವಗಂಗಾ ದೀರ್ಘ ಉಸಿರು ಬಿಟ್ಟಳು.

ಮೇಲೆ ಬಂದಾಗ ಅಡುಗೆಮನೆಯಲ್ಲಿ ಒಲೆ ಆರಿತ್ತು. ಶೋಭಾರಾಣಿ ನೆಲದ ಮೇಲೆ ಕುಸಿದು ಕೂತಿದ್ದಳು.

"ಕಳಿಸ್ಬಿಟ್ರಾ?" ಎಂದಳು.

"ಮತ್ತೆ? ನಿಮ್ಮ ಕೈಗೇ ಬಿಟ್ಟು ಹೋಗ್ಲಾ? ಏಳಿ ಮೇಲೆ. ಬ್ಲೇಡು ಎಲ್ಲಿ?"

"ಯಾವ ಬ್ಲೇಡು?"

"ನಾಟಕ ಬೇಡ. ಅತ್ತೆ ತಲೆ ಬೋಳಿಸಿದ್ದು ಯಾವಾಗ? ಬೆಳಿಗ್ಗೇನಾ? ರಕ್ತ ಇನ್ನೂ ಹಸಿ ಇದೆ."

ಶೋಭಾರಾಣಿ ತಲೆಯೆತ್ತಿದಳು. ಮೊದಲ ಸಲ ಪೊಲೀಸಿನವಳ ಕಣ್ಣಲ್ಲಿ ಕಣ್ಣಿಟ್ಟಳು. "ನಮ್ಮತ್ತೆ ಬೆಳಿಗ್ಗೆ ಈ ಮನೇಲಿ ಇರ್ಲೇ ಇಲ್ಲ ಮೇಡಂ."

"ಏನು?"

"ಪ್ರತಿ ಶನಿವಾರ ಬಿಂದು ಬಂದು ಕರ್ಕೊಂಡು ಹೋಗ್ತಾಳೆ. ಎಣ್ಣೆನೀರು ಹಾಕ್ತೀನಿ, ಎರಡು ದಿನ ನನ್ ಜೊತೆ ಇರ್ಲಿ ಅಂತ. ಸೋಮವಾರ ವಾಪಸ್ ತಂದು ಬಿಡ್ತಾಳೆ. ಇವತ್ತು ಸೋಮವಾರ. ನೀವು ಬರೋಕೆ ಸ್ವಲ್ಪ ಮುಂಚೆ ತಂದು ಕೂರಿಸಿದ್ಲು. ಬಟ್ಟೆ ಚೀಲ ನೋಡ್ಲಿಲ್ವಾ? ಅದನ್ನ ಇನ್ನೂ ಒಳಗೆ ಇಟ್ಟೇ ಇರ್ಲಿಲ್ಲ."

ಶಿವಗಂಗಾಳ ಕೈಗೆ ಆ ಚೀಲದ ಹಿಡಿಕೆ ಮತ್ತೆ ತಾಗಿದಂತಾಯಿತು. ಹೊರಡುವ ಮಾತು ಬಂದದ್ದೇ ಆಗ, ಚೀಲ ಅದಕ್ಕೂ ಮೊದಲೇ ಬಾಗಿಲಲ್ಲಿ ಹೇಗಿತ್ತು? ಕೇಳಬೇಕಾದ ಪ್ರಶ್ನೆಯನ್ನು ಬಿಟ್ಟು, ಚೀಲ ಹೊತ್ತುಕೊಂಡು ಕೆಳಗಿಳಿದಿದ್ದಳು.

ಆದರೂ ಪೊಲೀಸ್ ಬುದ್ಧಿ ಅಷ್ಟು ಸುಲಭಕ್ಕೆ ಸೋಲುತ್ತದೆಯೇ? "ನಿಮ್ಮ ಮಾತನ್ನ ಯಾಕೆ ನಂಬ್ಲಿ?" ಎಂದಳು. ದನಿ ಮಾತ್ರ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

"ನಂಬ್ಬೇಡಿ. ಬಸಕ್ಕನ್ನ ಕೇಳಿ."

ಶಿವಗಂಗಾ ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿದಳು. ನಲ್ಲಿಯ ಹತ್ತಿರ ಬಸಕ್ಕ ಕೊಡ ತೊಳೆಯುತ್ತಿದ್ದಳು. ಯಾದಗಿರಿ ಕಡೆಯವಳು, ಕೆಳಗಿನ ಕೋಣೆಯ ಬಾಡಿಗೆದಾರಳು. ಸಹಾಯವಾಣಿಗೆ ಕರೆ ಬಂದದ್ದು ಇವಳ ನಂಬರಿನಿಂದಲೇ. ಕಳೆದ ಸಲ ಕೇಳಿದಾಗ "ನಾ ಮಾಡಿಲ್ರೀ, ಖರೇನ ಮಾಡಿಲ್ರೀ" ಎಂದು ಅತ್ತಿದ್ದಳು. ಹೆದರಿ ಸುಳ್ಳು ಹೇಳುತ್ತಿದ್ದಾಳೆ ಎಂದು ಶಿವಗಂಗಾ ಬಿಟ್ಟಿದ್ದಳು.

"ಬಸಕ್ಕಾ, ಅಜ್ಜಿ ಬೆಳಿಗ್ಗೆ ಮನೇಲಿ ಇದ್ರಾ?"

"ಇಲ್ರೀ ಮೇಡಂ. ನಾ ನೀರ್ ಹಿಡಿಯೂ ಮುಂದ ಕಾರ್ ಬಂತ್ರಿ. ಆ ಬಿಂದು ಅಕ್ಕಾರು ಇಳಿಸಿದ್ರು. ತಲಿಮ್ಯಾಗ ಟಾವೆಲ್ ಹೊಚ್ಚಿದ್ರು."

"ಅವತ್ತು ನಿನ್ನ ಫೋನಿಂದ ಮಾತಾಡಿದ್ದು ಯಾರು? ಈಗಲಾದ್ರೂ ನಿಜ ಹೇಳು."

ಬಸಕ್ಕ ಮೇಲಕ್ಕೆ ನೋಡಿದಳು. ಶಿವಗಂಗಾಳ ಹಿಂದೆ ಬಂದು ನಿಂತಿದ್ದ ಶೋಭಾರಾಣಿ ಹೇಳು ಎಂಬಂತೆ ತಲೆಯಾಡಿಸಿದಳು.

"ಶೋಭಾ ಅಕ್ಕಾರ್ರೀ. ಒಂದ್ ಫೋನ್ ಮಾಡ್ತೀನಿ ಕೊಡು ಅಂದ್ರು. ಯಾರ್ ಮುಂದೂ ಹೇಳಬ್ಯಾಡ ಅಂತ ದೇವರ ಮ್ಯಾಲ ಆಣಿ ಹಾಕಿಸಿದ್ರು."

ಶಿವಗಂಗಾ ಬಾಲ್ಕನಿಯ ಕಂಬಿ ಹಿಡಿದು ನಿಂತಳು. ಮೆಟ್ರೋ ಕಂಬಗಳ ಆಚೆ ಮಧ್ಯಾಹ್ನದ ಟ್ರಾಫಿಕ್ ಗುಯ್ಯೆನ್ನುತ್ತಿತ್ತು. ಆ ಸಾವಿರ ಗಾಡಿಗಳ ಮಧ್ಯೆ ಒಂದು ಬಿಳಿ ಕಾರು. ಅದರ ನಂಬರನ್ನೂ ಅವಳು ನೋಡಿರಲಿಲ್ಲ. ಥೂ! ಪೊಲೀಸಂತೆ ಪೊಲೀಸು.

ಜೀಪಿನ ಹತ್ತಿರ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಮುರಳಿಯನ್ನು ಕೂಗಿ, ತಿರುವಿನ ಬೇಕರಿಯ ಕ್ಯಾಮೆರಾದಲ್ಲಿ ಆ ಕಾರಿನ ನಂಬರ್ ಹುಡುಕಲು ಓಡಿಸಿದಳು. ಬಿಂದುಶ್ರೀಯ ನಂಬರ್ ಪಡೆದು ಫೋನ್ ಹಚ್ಚಿದಳು. ರಿಂಗ್ ಆಯಿತು, ಆಗುತ್ತಲೇ ಇತ್ತು, ಕೊನೆಗೆ ಕಟ್ ಆಯಿತು.

"ಆ ಲಾಡು?" ಎಂದು ಕೇಳಿದಳು. ಉತ್ತರ ಗೊತ್ತಿದ್ದೂ ಕೇಳಿದಳು.

"ಬಿಂದು ತಂದಿದ್ದು. ತಿರುಪತಿ, ಮುಡಿ, ಎಲ್ಲಾ ಅವಳೇ ಹೇಳಿದ್ಲು. ಇವರು ನಂಬಿದ್ರು. ತಂಗಿ ಅಂದ್ರೆ ದೇವ್ರು ಇವರಿಗೆ. ನೀವು ಬಂದ ದಿನ ಆ ತಟ್ಟೆ ನನ್ನ ಕೈಗೆ ಕೊಟ್ಟು, ಅತ್ತಿಗೆ ನೀವೇ ಕೊಡಿ ಮೇಡಂಗೆ ಅಂದ್ಲು. ಕೊಟ್ಟೆ."

ಹೌದು. ತಟ್ಟೆ ಹಿಡಿದ ಕೈ ಶೋಭಾರಾಣಿಯದ್ದು. ಶಿವಗಂಗಾಳಿಗೆ ನೆನಪಿದ್ದದ್ದು ಆ ಕೈ ಮಾತ್ರ. ಯಾರು ಬೆಟ್ಟಕ್ಕೆ ಕರೆದುಕೊಂಡು ಹೋದರು ಎಂದು ಒಂದು ಮಾತು ಕೇಳಿದ್ದರೆ ಅವತ್ತೇ ಎಲ್ಲ ಬಯಲಾಗುತ್ತಿತ್ತು. ಅವಳು ಕಣ್ಣಿಗೆ ಒತ್ತಿಕೊಂಡು ತಿಂದಳು!

"ನನ್ನ ಎದುರಿಗೇ ಹೇಳ್ಬಹುದಿತ್ತಲ್ಲಾ ನೀವು? ಇವತ್ತಾದ್ರೂ ಬಾಯಿ ಬಿಡಬಹುದಿತ್ತು. ಕಾರು ಹೋಗೋಕೆ ಮುಂಚೆ!"

ಶೋಭಾರಾಣಿ ನಕ್ಕಳು. ಅಳುವುದಕ್ಕಿಂತ ಕೆಟ್ಟದಾಗಿತ್ತು ಆ ನಗು. "ಹೇಳಿದ್ರೆ ನಂಬ್ತಿದ್ರಾ ಮೇಡಂ? ನಾನು ಸೊಸೆ. ಸೊಸೆ ಹೋಗಿ ನಾದಿನಿ ಮೇಲೆ ದೂರು ಹೇಳಿದ್ರೆ ನಾಯಿನೂ ಮೂಸಲ್ಲ. ನೀವು ಬಂದು ನಿಂತಾಗಲೇ ನನ್ನ ಹೇಗೆ ನೋಡಿದ್ರಿ ಅಂತ ನಂಗೆ ಗೊತ್ತಾಯ್ತು. ಇವರ ಹತ್ರ ಒಂದು ಸಲ ಹೇಳಿದ್ದೆ. ನನ್ನ ತಂಗಿ ಬಗ್ಗೆ ಮಾತಾಡಿದ್ರೆ ತವರಿಗೆ ಗಂಟು ಕಟ್ಟು ಅಂದ್ರು. ಅದಕ್ಕೇ ಬಸಕ್ಕನ ಫೋನು."

ಶಿವಗಂಗಾ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ಆದ್ರೆ ಅದೊಂದೇ ಅಲ್ಲ ಮೇಡಂ." ಶೋಭಾರಾಣಿಯ ದನಿ ಇಳಿಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. "ಶನಿವಾರ ಅತ್ತೆ ಹೋದ್ರೆ ನಂಗೂ ಎರಡು ದಿನ ಬಿಡುವು. ಬೆಡ್‌ಶೀಟ್ ಒಗೆಯೋ ಕೆಲಸ ಇಲ್ಲ, ರಾತ್ರಿ ಏಳೋ ಗೋಜಿಲ್ಲ. ಮೊದಲನೇ ಸಲ ತೋಳಲ್ಲಿ ಕಂದಿದ ಗುರುತು ನೋಡ್ದಾಗ ಬಿದ್ದಿರ್ಬೇಕು ಅಂದ್ಕೊಂಡೆ. ಬಿದ್ದಿಲ್ಲ ಅಂತ ಗೊತ್ತಿತ್ತು. ಆದ್ರೂ ಅಂದ್ಕೊಂಡೆ. ಆಮೇಲೆ ಎಣ್ಣೆ ಹಚ್ಚೋಕೆ ಹೋದ್ರೆ ಕೈ ಅಡ್ಡ ಹಿಡಿಯೋರು, ಹೊಡೀತೀನೇನೋ ಅಂತ. ಶನಿವಾರ ಬಂದ್ರೆ ಬೆಳಿಗ್ಗೆಯಿಂದ ಊಟ ಬಿಡೋರು. ಎಲ್ಲಾ ಕಂಡಿತ್ತು ನಂಗೆ. ಕಂಡೂ ಕಂಡೂ ಬಟ್ಟೆ ಚೀಲ ತುಂಬಿಸಿ ಕೊಡ್ತಿದ್ದೆ."

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೇ ಚೀಲವನ್ನು ಒಬ್ಬಳು ತುಂಬಿಸಿದ್ದಳು, ಇನ್ನೊಬ್ಬಳು ಹೊತ್ತಿದ್ದಳು.

"ಅಮ್ಮ ಯಾಕೆ ಸುಮ್ಮನಿದ್ರು?" ಶಿವಗಂಗಾ ಕೇಳಿದಳು. "ಮಗನಿಗೆ ಹೇಳ್ಬಹುದಿತ್ತು. ನನಗೆ ಹೇಳ್ಬಹುದಿತ್ತು."

"ನಾನೂ ಕೇಳ್ದೆ. ತಲೆ ಬೋಳಿಸ್ಕೊಂಡು ಬಂದ ಮೊದಲನೇ ಸಲ, ಬಚ್ಚಲಲ್ಲಿ ಕೂರಿಸ್ಕೊಂಡು ಕೇಳ್ದೆ. ಆಗ ಹೇಳಿದ್ರು." ಶೋಭಾರಾಣಿ ಹೇಳಲೋ ಬೇಡವೋ ಎಂದು ತೂಗಿ ನೋಡಿ, ಕೊನೆಗೆ ಹೇಳಿಯೇಬಿಟ್ಟಳು. "ಬಿಂದು ಕಾಲೇಜಿಗೆ ಹೋಗ್ತಿದ್ದಾಗ ಒಬ್ಬ ಹುಡುಗನ ಜೊತೆ ಬಸ್‌ಸ್ಟಾಂಡಲ್ಲಿ ಕಂಡ್ಲಂತೆ. ಊರವರು ಬಂದು ಹೇಳಿದ್ರು. ನಮ್ಮತ್ತೆ ಅವಳನ್ನ ಹಟ್ಟಿ ಮುಂದೆ ಕೂರಿಸಿ, ಎಲ್ಲರೂ ನೋಡ್ತಿರೋ ಹಂಗೇ ಜಡೆ ಕತ್ತರಿಸಿ ತಲೆ ಬೋಳಿಸಿಬಿಟ್ರಂತೆ. ಆಮೇಲೆ ಊರಿಗೆಲ್ಲ ಹರಕೆ ಇತ್ತು ಅಂತ ಹೇಳಿದ್ರಂತೆ."

"ದೇವರೇ."

"ಹೆತ್ತ ಮಗಳಿಗೆ ನಾನು ಮಾಡಿದ್ದು ನಂಗೇ ತಿರುಗ್ತು, ಋಣ ತೀರ್ಲಿ ಬಿಡು ಅಂದ್ರು ನಮ್ಮತ್ತೆ. ಯಾರಿಗೂ ಯೋಳ್ಬೇಡ ಅಂತ ನನ್ನ ಕೈ ಹಿಡ್ಕೊಂಡ್ರು."

ಶಿವಗಂಗಾ ಗೋಡೆಗೆ ಒರಗಿದಳು. ಆ ಮುದುಕಿ ತನ್ನ ತಪ್ಪಿಗೆ ತಾನೇ ಶಿಕ್ಷೆ ಬರೆದುಕೊಂಡು ಕೂತಿದ್ದರು. ಪ್ರತಿ ಶನಿವಾರ ಅದನ್ನು ಅನುಭವಿಸಿ ಬರುತ್ತಿದ್ದರು. ಬಾಯಿಬಿಡದವರ ಬಾಯಿ ಬಿಡಿಸುವುದೇ ತನ್ನ ಕೆಲಸವಾಗಿತ್ತು. ತಾನು ಮಾಡಿದ್ದು ಏನು? ಎಂಥ ಕೆಲಸ ಮಾಡಿಬಿಟ್ಟೆ ನಾನು, ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು.

"ಋಣವೂ ಇಲ್ಲ, ಮಣ್ಣೂ ಇಲ್ಲ" ಎಂದಳು ಜೋರಾಗಿ. "ಅಂದು ಮಾಡಿದ್ದೂ ತಪ್ಪು, ಇಂದು ಮಾಡ್ತಿರೋದೂ ತಪ್ಪು. ಅದನ್ನ ಆಮೇಲೆ ನೋಡೋಣ. ಮೊದಲು ಅಮ್ಮನ್ನ ಹುಡುಕ್ಬೇಕು."

ಬಿಂದುಶ್ರೀಗೆ ಮತ್ತೆ ಫೋನ್ ಹಚ್ಚಿದಳು. ಈ ಸಲ ರಿಂಗೂ ಆಗಲಿಲ್ಲ. ಸ್ವಿಚ್ ಆಫ್.

ಮುರಳಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. "ಮೇಡಂ, ನಂಬರ್ ಸಿಗ್ತು. ಆದ್ರೆ ಒಂದು ವಿಷಯ. ಕಾರು ಮೇನ್ ರೋಡಿಗೆ ಬಂದು ಎಡಕ್ಕೆ ತಿರುಗಿದೆ."

ನಾಗಸಂದ್ರಕ್ಕೆ ಹೋಗುವವರು ಬಲಕ್ಕೆ ತಿರುಗಬೇಕು. ಎಡಕ್ಕೆ ಹೋದರೆ ಹೊಸಕೋಟೆಯ ದಾರಿ.

"ಕಂಟ್ರೋಲ್ ರೂಮಿಗೆ ನಂಬರ್ ಕೊಡು. ಹೊಸಕೋಟೆ ಕಡೆ ಎಲ್ಲಾ ಚೆಕ್‌ಪೋಸ್ಟಿಗೂ ಹೇಳು. ಓಡು!" ಎಂದು, ಶೋಭಾರಾಣಿಯ ಕಡೆ ತಿರುಗಿದಳು. "ಬಿಂದು ಗಂಡನ ನಂಬರ್ ಇದ್ಯಾ?"

"ಶಿವಶಂಕರ್ ಅಂತ. ಪೀಣ್ಯದಲ್ಲಿ ಯಾವುದೋ ಮೆಷಿನ್ ಶಾಪಲ್ಲಿ ಸೂಪರ್‌ವೈಸರು. ಇದೆ, ಆದ್ರೆ ಮಾತಾಡಿ ಬಹಳ ದಿನ ಆಯ್ತು. ಹಬ್ಬಕ್ಕೆ ಕರೆದ್ರೂ ಡ್ಯೂಟಿ ಅಂತಾರೆ, ಬರಲ್ಲ."

ಶಿವಗಂಗಾ ಡಯಲ್ ಮಾಡಿದಳು. ಆ ಕಡೆ ಯಂತ್ರಗಳ ಗಡಗಡ ಸದ್ದು. "ಒಂದ್ನಿಮಿಷ ಇರಿ, ಆಚೆ ಬರ್ತೀನಿ" ಎಂಬ ಗಂಡಸಿನ ದನಿ. ಸದ್ದು ಕಡಿಮೆಯಾಯಿತು.

"ಯಾರು ಮಾತಾಡ್ತಿರೋದು?"

"ಸಬ್ ಇನ್ಸ್‌ಪೆಕ್ಟರ್ ಶಿವಗಂಗಾ, ಕಾಡುಗೋಡಿಯಿಂದ. ನಿಮ್ಮ ಹೆಂಡತಿ ಬಿಂದುಶ್ರೀ ಅವರ ತಾಯೀನ ಕರ್ಕೊಂಡು ನಿಮ್ಮ ಮನೆಗೆ ಹೊರಟಿದ್ದಾರೆ. ಮನೇಲಿ ಯಾರಿದ್ದಾರೆ? ಅಲ್ಲಿಗೆ ಬಂದ ಕೂಡಲೇ ನಂಗೆ ಫೋನ್ ಮಾಡಿಸಿ."

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದು.

"ಹಲೋ, ಕೇಳಿಸ್ತಾ?"

"ಮೇಡಂ, ಬಿಂದು ನಮ್ಮನೇಲಿ ಇಲ್ಲ." ಶಿವಶಂಕರ್ ದನಿ ತಗ್ಗಿಸಿದ. "ವರ್ಷದ ಮೇಲಾಯ್ತು. ನಾನೇ ಕಳಿಸ್ದೆ. ಬೀಗರಿಗೆ ಗೊತ್ತಿಲ್ಲ, ಅವಳೂ ಹೇಳಿಲ್ಲ ಅನ್ಸುತ್ತೆ. ಎಲ್ಲಿದ್ದಾಳೆ ಅಂತ ದೇವರಾಣೆಗೂ ನಂಗೆ ಗೊತ್ತಿಲ್ಲ."

ಹಾಗಾದರೆ ವಾರವಾರವೂ ಭದ್ರಮ್ಮ ಹೋಗಿ ಬರುತ್ತಿದ್ದದ್ದು ಎಲ್ಲಿಗೆ?

"ಯಾಕೆ ಕಳಿಸಿದ್ರಿ?"

"ಅದು ನಮ್ಮ ಮನೆ ವಿಷಯ ಮೇಡಂ."

"ಇನ್ನು ಮನೆ ವಿಷಯ ಇಲ್ಲ ಶಿವಶಂಕರ್. ಒಂದು ಜೀವದ ವಿಷಯ. ಬಿಂದು ನಿಮ್ಮತ್ತೆ ತಲೆ ಬೋಳಿಸಿ, ತೋಳು ಕಂದೋ ಹಾಗೆ ಹಿಂಡಿದ್ದಾಳೆ. ಇವತ್ತು ನಾನೇ ಕೈಯಾರೆ ಅವಳ ಕಾರಿಗೆ ಹತ್ತಿಸಿ ಕಳಿಸಿದ್ದೀನಿ. ದಯವಿಟ್ಟು ಹೇಳಿ."

'ನಾನೇ ಕೈಯಾರೆ' ಎನ್ನುವಾಗ ಅವಳ ದನಿ ಒಡೆಯಿತು. ಅದು ಆ ಕಡೆಯವನಿಗೂ ಕೇಳಿಸಿರಬೇಕು.

"ನಮ್ಮಮ್ಮಂಗೂ ಇದೇ ಮಾಡಿದ್ಲು" ಎಂದ ಶಿವಶಂಕರ್, ತುಂಬ ಮೆಲ್ಲಗೆ. "ಅವರು ಹಾಸಿಗೆ ಹಿಡಿದಿದ್ರು. ನಾನು ಬೆಳಿಗ್ಗೆ ಶಿಫ್ಟಿಗೆ ಹೋದ್ರೆ ಕತ್ತಲಾದ್ಮೇಲೆ ಬರೋದು. ಒಂದಿನ ಬಂದು ನೋಡ್ತೀನಿ, ಬೋಳು ತಲೆ. ಅಕ್ಕಪಕ್ಕದವರು ಕೇಳಿದ್ರೆ ಏನು ಹೇಳೋದು? ತಿರುಪತಿಗೆ ಮುಡಿ ಅಂತ ನಾನೇ ಹೇಳ್ದೆ ಮೇಡಂ. ಎಲ್ಲರೂ ಕೈಮುಗಿದು ಹೋದ್ರು. ಆ ಸುಳ್ಳು ಅವಳಿಗೆ ಕಲಿಸಿಕೊಟ್ಟೋನೇ ನಾನು."

"ಕಂಪ್ಲೇಂಟ್ ಕೊಡ್ಲಿಲ್ವಾ?"

"ಹೆಂಡ್ತಿ ಮೇಲೆ ಹೇಗೆ ಕೊಡೋದು ಮೇಡಂ? ಮನೆ ಮಾನ ಬೀದೀಲಿ ಹರಾಜಾಗುತ್ತೆ. ಇವತ್ತಲ್ಲ ನಾಳೆ ಸರಿಹೋಗ್ತಾಳೆ ಅಂತ ಇದ್ದೆ."

"ನಿಮ್ಮ ತಾಯಿ ಹತ್ರ ನಾನು ಮಾತಾಡ್ಬಹುದಾ?"

ದೂರದಲ್ಲಿ ಯಾವುದೋ ಯಂತ್ರ ಕಬ್ಬಿಣ ಕೊಯ್ಯುವ ಸದ್ದು ಮಾತ್ರ.

"ಅಮ್ಮ ಇಲ್ಲ ಮೇಡಂ. ತೀರ್ಕೊಂಡ್ರು. ನಾನು ಕಂಪನಿ ಕೆಲಸಕ್ಕೆ ಕೊಯಮತ್ತೂರಿಗೆ ಹೋಗಿದ್ದೆ. ವಯಸ್ಸಾಗಿತ್ತು, ಮಲಗಿದ್ದಲ್ಲೇ ಹೋದ್ರು ಅಂತ ಎಲ್ಲರಿಗೂ ಹೇಳಿ, ಬಂದ ದಿನವೇ ಕಾರ್ಯ ಮುಗಿಸ್ಬಿಟ್ಟೆ. ತಿಥಿ ಆದ್ಮೇಲೆ ಇವಳನ್ನ ಮನೆ ಬಿಟ್ಟು ಹೋಗು ಅಂದೆ. ಅಷ್ಟೇ ನನ್ನ ಕೈಲಾಗಿದ್ದು."

"ಮಲಗಿದ್ದಲ್ಲೇ ಹೋಗಿದ್ರಾ? ನಿಜ ಹೇಳಿ."

ಫೋನಿನಲ್ಲಿ ಒಬ್ಬ ಗಂಡಸು ಅಳುವ ಸದ್ದು ಕೇಳಿಸಿತು.

"ನಾನು ಬಂದಾಗ ಬಿಂದು ಮನೇಲಿರ್ಲಿಲ್ಲ ಮೇಡಂ. ಅಮ್ಮನ ರೂಮಿನ ಚಿಲಕ ಹೊರಗಡೆಯಿಂದ ಹಾಕಿತ್ತು. ಒಳಗೆ ಒಂದು ಚೊಂಬು ನೀರೂ ಇರ್ಲಿಲ್ಲ."

ಶೋಭಾರಾಣಿ ಹತ್ತಿರ ಬಂದು ಶಿವಗಂಗಾಳ ಮುಖವನ್ನೇ ನೋಡುತ್ತಿದ್ದಳು. ಆ ಕಡೆಯ ಮಾತು ಅವಳಿಗೆ ಕೇಳಿಸಿರಲಿಲ್ಲ.

"ಏನಂದ್ರು ಮೇಡಂ?" ಎಂದಳು. "ಅತ್ತೆ ಅಲ್ಲಿಗೆ ಬಂದ್ರೆ ನೋಡ್ಕೋತಾರಂತಾ?"

ಶಿವಗಂಗಾ ಫೋನನ್ನು ಕಿವಿಯಿಂದ ಇಳಿಸಲಿಲ್ಲ.